ಕಣದ ಮೇಲೊಂದು ಮರದ ಖಡ್ಗ

ನಮ್ಮ ತೋಟದ ಕೆಳಭಾಗಕ್ಕೆ ಹೋಗಬೇಕಾದರೆ ಒಂದು ಸಂಕ ದಾಟಬೇಕು. ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಮೂರು ಅಡಿಕೆ ಮರ, ಅಷ್ಟೆ. ಮಳೆಗಾಲದಲ್ಲಿ ಅದರ ಮೇಲೆ ಪಾಚಿ. ನಲವತ್ತು ವರ್ಷ ಹೊರೆ ಹೊತ್ತು, ಔಷಧಿಯ ಕೊಡ ಹೊತ್ತು ಅದರ ಮೇಲೆ ಓಡಾಡಿದವನು ನಾನು. ಅರವತ್ತೆರಡನೆಯ ವಯಸ್ಸಿನ ಒಂದು ಆಷಾಢದಲ್ಲಿ ಅದೇ ಸಂಕದ ನಟ್ಟನಡುವೆ ನಿಂತುಬಿಟ್ಟೆ. ಬೀಳಲಿಲ್ಲ. ಆದರೆ ಮುಂದಕ್ಕೂ ಹೆಜ್ಜೆ ಏಳಲಿಲ್ಲ, ಹಿಂದಕ್ಕೂ ಏಳಲಿಲ್ಲ. ಔಷಧಿ ಹೊಡೆಯಲು ಬಂದಿದ್ದ ಹುಡುಗ ಕೈ ಹಿಡಿದು ದಾಟಿಸಿದ. ಅಂದಿನಿಂದ ಆಚೆಯ ಎರಡು ಎಕರೆಯನ್ನು ನಾನು ಬೇರೆಯವರ ಮಾತಿನ ಮೇಲೆ ನೋಡತೊಡಗಿದೆ. ಕೊಳೆ ಬಂದಿದೆ ಎಂದರೆ ಬಂದಿದೆ, ಇಲ್ಲವೆಂದರೆ ಇಲ್ಲ. ಹಾಗೆ ನೋಡಿದ ತೋಟದ ಗತಿ ಏನಾಗುತ್ತದೆಂಬುದನ್ನು ಬೆಳೆಗಾರ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೋರ್ಡೋ ದ್ರಾವಣ, ಕಾಯಿಕೊರಕ, ಧಾರಣೆ ಇವುಗಳಿಗೆ ಮೀಸಲಾದ ಈ ಪುಟಗಳಲ್ಲಿ ಚೀನೀಯರ ಖಡ್ಗದ ವಿಷಯ ಬರೆಯಲು ಹೊರಟಿರುವುದಕ್ಕೆ ಆ ಸಂಕವೇ ಕಾರಣ. ಓದುಗರು ಸ್ವಲ್ಪ ತಾಳ್ಮೆ ವಹಿಸಬೇಕು.

ಮರುವರ್ಷ ಮಗನ ಮನೆಗೆಂದು ಸಿಂಗಪುರಕ್ಕೆ ಹೋಗಿ ಮೂರು ತಿಂಗಳು ಉಳಿಯುವ ಪ್ರಸಂಗ ಬಂತು. ತೋಟವಿಲ್ಲದ ಊರಿನಲ್ಲಿ ತೋಟದವನಿಗೆ ಬೆಳಗಿನ ಹೊತ್ತು ಕಳೆಯುವುದು ಬಲು ಕಷ್ಟ. ಅಲ್ಲಿ ಏಳು ಗಂಟೆಯವರೆಗೆ ಸರಿಯಾಗಿ ಬೆಳಕೂ ಹರಿಯುವುದಿಲ್ಲ. ಕಾಫಿ ಕುಡಿದು, ಮಹಡಿ ಮನೆಗಳ ನಡುವಿನ ಉದ್ಯಾನಕ್ಕೆ ಇಳಿದು ಕೂರುತ್ತಿದ್ದೆ. ಅಲ್ಲಿಗೆ ಹತ್ತು ಹನ್ನೆರಡು ಮಂದಿ ಚೀನೀಯರು ಬರುತ್ತಿದ್ದರು. ಎಲ್ಲರೂ ನನ್ನ ವಯಸ್ಸಿನವರು, ಹೆಚ್ಚಿನವರು ಹೆಂಗಸರು. ಚೀಲದಿಂದ ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚಿನ ಒಂದು ಹಿಡಿಕೆ ತೆಗೆದು ಕೈ ಬೀಸಿದರೆ, ಕೊಡೆಯ ದಂಡಿಗೆ ಬಿಚ್ಚಿಕೊಳ್ಳುವ ಹಾಗೆ ಒಂದರೊಳಗಿಂದೊಂದು ತಗಡು ಹೊರಬಂದು ಖಡ್ಗವಾಗುತ್ತಿತ್ತು. ಹಿಡಿಯ ತುದಿಗೆ ಕೆಂಪು ಕುಚ್ಚು. ಬಸ್ಸಿನಲ್ಲಿ ಕೊಂಡೊಯ್ಯಲು ಅನುಕೂಲವೆಂದು ಹೀಗೆ ಮಾಡಿದ್ದಾರಂತೆ. ಆಮೇಲೆ ಅಷ್ಟೂ ಜನ ಎದೆಮಟ್ಟದ ನೀರಿನಲ್ಲಿ ನಡೆಯುವವರಂತೆ ಒಂದೇ ನಿಧಾನದಲ್ಲಿ ಚಲಿಸತೊಡಗುತ್ತಿದ್ದರು.

ಮುಂದೆ ನಿಲ್ಲುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಮಹಿಳೆ. ಎರಡನೆಯ ಭಂಗಿಗೇ ಅವರು ಬಲಗಾಲಿನ ಮೇಲೆ ನಿಂತು, ಎಡಮಂಡಿಯನ್ನು ಸೊಂಟದ ಮಟ್ಟಕ್ಕೆ ಎತ್ತಿ, ಖಡ್ಗವನ್ನು ತಲೆಯ ಮೇಲಿನಿಂದ ಮುಂದಕ್ಕೆ ಚಾಚಿ ನಿಂತರು. ನಿಂತೇ ಇದ್ದರು. ಕುಚ್ಚು ಸಹ ಅಲುಗಲಿಲ್ಲ. ಎರಡು ಕಾಲಿದ್ದೂ ಸಂಕದ ಮೇಲೆ ನಡುಗಿದ ನನಗೆ ಆಗ ಏನೆನ್ನಿಸಿತೆಂಬುದನ್ನು ಓದುಗರು ಊಹಿಸಬಹುದು. ನಾಲ್ಕನೆಯ ದಿನ ಹೋಗಿ ಹಿಂದಿನ ಸಾಲಿನಲ್ಲಿ ನಿಂತೆ. ಅವರು ಬೇಡ ಎನ್ನಲಿಲ್ಲ. ಫೀಸನ್ನೂ ಕೇಳಲಿಲ್ಲ. ಮನೆಯಿಂದ ಒಯ್ದಿದ್ದ ಕಾಫಿಪುಡಿಯ ಒಂದು ಪೊಟ್ಟಣ ಕೊಟ್ಟೆ. ನಮ್ಮಿಬ್ಬರ ನಡುವೆ ಇದ್ದದ್ದು ಹತ್ತು ಹನ್ನೆರಡು ಇಂಗ್ಲಿಷ್ ಪದ. ಅಷ್ಟರಲ್ಲೇ ಪಾಠ ನಡೆಯಿತು.

ಯುದ್ಧ ಬಿಟ್ಟ ಆಯುಧ

ನಾವು ತಾಯ್ ಚಿ ಎಂದು ಕರೆಯುವುದರ ಪೂರ್ತಿ ಹೆಸರು ತಾಯ್‌ಜೀಚ್ವಾನ್. ಚ್ವಾನ್ ಎಂದರೆ ಮುಷ್ಟಿ. ಅಂದರೆ ಇದು ಮೂಲತಃ ಮುದುಕರ ವ್ಯಾಯಾಮವಲ್ಲ, ಹೊಡೆದಾಟದ ವಿದ್ಯೆ. ವೂಡಾಂಗ್ ಬೆಟ್ಟದ ಒಬ್ಬ ಋಷಿ ಇದನ್ನು ಕಂಡುಹಿಡಿದನೆಂಬ ಐತಿಹ್ಯ ಚೀನಾದಲ್ಲಿ ಬಹಳ ಪ್ರಚಾರದಲ್ಲಿದ್ದರೂ, ಚರಿತ್ರೆಯ ಜಾಡು ಹಿಡಿದು ಹೋದರೆ ಸಿಗುವುದು ಹೆನಾನ್ ಪ್ರಾಂತದ ವೆನ್ ಜಿಲ್ಲೆಯ ಚೆನ್‌ಜಿಯಾಗೌ ಎಂಬ ಹಳ್ಳಿ. ಹೆಸರೇ ಹೇಳುವಂತೆ ಅದು ಚೆನ್ ಮನೆತನದವರ ಊರು. ಹದಿನೇಳನೆಯ ಶತಮಾನದಲ್ಲಿ ಅಲ್ಲಿದ್ದ ಚೆನ್ ವಾಂಗ್‌ಟಿಂಗ್ ಎಂಬ ಸೇನಾನಿಯ ಹೆಸರಿಗೆ ಈ ವಿದ್ಯೆಯ ಆರಂಭವನ್ನು ಸೇರಿಸುತ್ತಾರೆ. ಮನೆತನದೊಳಗೇ ಉಳಿದಿದ್ದ ವಿದ್ಯೆಯನ್ನು ಹೊರಗಿನವನಾದ ಯಾಂಗ್ ಲುಚಾನ್ (1799–1872) ಅಲ್ಲಿಯೇ ಕಲಿತು ಬೀಜಿಂಗಿಗೆ ಒಯ್ದ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಅದರ ನೆಗೆತ, ಕುಪ್ಪಳಿಕೆ, ಹಠಾತ್ ಹೊಡೆತಗಳನ್ನು ತೆಗೆದು ಒಂದೇ ಸಮನಾದ ನಿಧಾನ ನಡೆಗೆ ತಂದ. ಇಂದು ಲೋಕದ ಉದ್ಯಾನಗಳಲ್ಲಿ ಕಾಣುವುದು ಬಹುಮಟ್ಟಿಗೆ ಆ ನಡೆ. ಚೆನ್ ಹಳ್ಳಿಯ ಶೈಲಿಯಲ್ಲಿ ಈಗಲೂ ಹಠಾತ್ ಹೊಡೆತಗಳಿವೆ.

ಬರಿಗೈಯ ಪಾಠದ ಜೊತೆಗೆ ಆಯುಧಗಳ ಪಾಠವೂ ಪ್ರತಿ ಶೈಲಿಯಲ್ಲಿದೆ: ಈಟಿ, ಒಂದು ಕಡೆ ಮಾತ್ರ ಬಾಯಿ ಇರುವ ಬಾಗುಗತ್ತಿ, ಮತ್ತು ಎರಡು ಕಡೆಯೂ ಬಾಯಿ ಇರುವ ನೆಟ್ಟನೆಯ ಖಡ್ಗ. ಬಾಗುಗತ್ತಿಯನ್ನು ದಾವ್ ಎಂದೂ ಖಡ್ಗವನ್ನು ಜಿಯಾನ್ ಎಂದೂ ಕರೆಯುತ್ತಾರೆ. ಜಿಯಾನ್ ಬಹಳ ಹಳೆಯದು. 1965ರಲ್ಲಿ ಹುಬೆ ಪ್ರಾಂತದ ಒಂದು ಗೋರಿಯಲ್ಲಿ ಯುವೆ ದೇಶದ ಅರಸ ಗೌಜಿಯಾನನ ಕಂಚಿನ ಖಡ್ಗ ಸಿಕ್ಕಿತು. ಎರಡು ಸಾವಿರದ ನಾನೂರು ವರ್ಷಗಳಿಗೂ ಹಳೆಯದಾದ, ಸುಮಾರು 56 ಸೆಂಟಿಮೀಟರ್ ಉದ್ದದ ಆ ಖಡ್ಗದ ಅಲಗು ಇನ್ನೂ ಹರಿತವಾಗಿತ್ತು. ಈಗ ಅದು ವುಹಾನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಕುದುರೆಯ ಮೇಲಿಂದ ಕೊಚ್ಚಲು ಒಂದೇ ಬಾಯಿಯ, ದಪ್ಪ ಬೆನ್ನಿನ ಕತ್ತಿಯೇ ಮೇಲೆಂದು ಕಂಡುಬಂದು, ಹಾನ್ ಅರಸರ ಕಾಲದಲ್ಲಿ ಜಿಯಾನ್ ಕ್ರಮೇಣ ರಣರಂಗ ಬಿಟ್ಟಿತು. ಅಧಿಕಾರಿಗಳ ಸೊಂಟಕ್ಕೂ ಪಂಡಿತರ ಕೋಣೆಗೂ ತಾವೋ ಸನ್ಯಾಸಿಗಳ ಕೈಗೂ ಬಂತು. ಎರಡು ಸಾವಿರ ವರ್ಷಗಳ ಹಿಂದೆಯೇ ನಿವೃತ್ತಿ ಪಡೆದ ಆಯುಧ ಇದು ಎನ್ನಬಹುದು.

ಕೊಡಗಿನ ಓದುಗರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಒಡಿಕತ್ತಿ ಯುದ್ಧಕ್ಕೆ ಹೋಗಿ ಎಷ್ಟೋ ಕಾಲವಾಯಿತು. ಆದರೂ ಕೈಲ್ ಮುಹೂರ್ತದ ಪೂಜೆಗೆ ಅದು ಬೇಕು, ಮದುವೆಯಲ್ಲಿ ಬಾಳೆ ಕಡಿಯಲು ಅದೇ ಬೇಕು. ಆಯುಧ ಕೆಲಸ ಬಿಟ್ಟ ಮೇಲೆಯೇ ಅದರ ಮರ್ಯಾದೆ ಹೆಚ್ಚಿತು.

ಸಾಮಾನ್ಯ ಜನ ಖಡ್ಗ ಕಲಿಯುವಂತಾದುದು ಇತ್ತೀಚೆಗೆ. ಯಾಂಗ್ ಚೆಂಗ್‌ಫುವಿನ ಶಿಷ್ಯ ಚೆನ್ ವೇಮಿಂಗ್ 1928ರಲ್ಲಿ ತಾಯ್ ಚಿ ಖಡ್ಗದ ಮೇಲೆ ಪುಸ್ತಕ ಪ್ರಕಟಿಸಿದ. ಅದರ ಹಿಂದಿನ ಕ್ರಮ ಬೇರೆ. ಗುರುವಿನ ಮನೆಗೆ ಹೋಗಿ, ಅಡ್ಡಬಿದ್ದು, ವರ್ಷಗಟ್ಟಲೆ ಬರಿಗೈ ಅಭ್ಯಾಸ ಮಾಡಿ, ಗುರುವಿಗೆ ಮನಸ್ಸಾದರೆ ಖಡ್ಗ. ಹೊಸ ಸರ್ಕಾರ ಬಂದ ಮೇಲೆ ರಾಷ್ಟ್ರೀಯ ಕ್ರೀಡಾ ಆಯೋಗ ಈ ಹಳೆಯ ಪಾಠಗಳನ್ನು ಮೊಟಕುಗೊಳಿಸಿತು. 1956ರಲ್ಲಿ 24 ಭಂಗಿಗಳ ಬರಿಗೈ ಪಾಠ, 1957ರಲ್ಲಿ 32 ಭಂಗಿಗಳ ಖಡ್ಗದ ಪಾಠ ಹೊರಬಂದವು. ಈ ಕೆಲಸದಲ್ಲಿ ಮುಖ್ಯನಾಗಿದ್ದವನು ಲಿ ಟಿಯಾನ್‌ಜಿ. ಯಾಂಗ್ ಮನೆತನದ ಖಡ್ಗದ ಪಾಠದಿಂದ ಪುನರಾವರ್ತನೆಗಳನ್ನು ತೆಗೆದು, ಎಂಟೆಂಟು ಭಂಗಿಗಳ ನಾಲ್ಕು ಭಾಗ ಮಾಡಿದರು. ಮೊದಲ ಭಾಗದಲ್ಲಿ ಒಂದು ದಿಕ್ಕಿಗೆ ಹೋಗುವುದು, ಎರಡನೆಯದರಲ್ಲಿ ಹಿಂದಿರುಗುವುದು, ಮತ್ತೆ ಹೋಗಿ ಮತ್ತೆ ಬರುವುದು. ಪೂರ್ತಿ ಪಾಠಕ್ಕೆ ಮೂರು ನಿಮಿಷದಷ್ಟು ಹೊತ್ತು ಹಿಡಿಯುತ್ತದೆ.

ಮುಂದಿನ ಕಥೆ ಅಷ್ಟು ಸುಗಮವಾಗಿರಲಿಲ್ಲ. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಆರಂಭವಾದಾಗ ಹಳೆಯದೆಲ್ಲ ತಪ್ಪು ಎಂಬ ಗಾಳಿ ಬೀಸಿತು. ಗುರು ಎನಿಸಿಕೊಂಡವರನ್ನು ಬಹಿರಂಗವಾಗಿ ಅವಮಾನಿಸಿದರು. 1958ರಲ್ಲಿ ಚೆನ್ ಹಳ್ಳಿಗೆ ಮರಳಿ ಊರ ಹುಡುಗರಿಗೆ ಪಾಠ ಹೇಳುತ್ತಿದ್ದ ಚೆನ್ ಜಾವ್‌ಪೀ ಎಂಬ ವೃದ್ಧನೂ ಇದಕ್ಕೆ ಹೊರತಾಗಲಿಲ್ಲ. 1972ರಲ್ಲಿ ಅವನು ತೀರಿಕೊಂಡ. ಇಂದು ಆ ಶೈಲಿಯನ್ನು ಲೋಕಕ್ಕೆಲ್ಲ ಕಲಿಸುತ್ತಿರುವ ಹಿರಿಯರಲ್ಲಿ ಹಲವರು ಆಗ ಅವನ ಕೈಕೆಳಗೆ ಕಲಿತ ಹುಡುಗರು. 1978ರಲ್ಲಿ ಡೆಂಗ್ ಶಿಯಾವ್‌ಪಿಂಗ್ ಜಪಾನಿನ ಅತಿಥಿಗಳಿಗಾಗಿ ತಾಯ್ ಚಿ ಒಳ್ಳೆಯದು ಎಂದು ಕುಂಚದಲ್ಲಿ ಬರೆದುಕೊಟ್ಟ ಮೇಲೆ ಗಾಳಿ ಪೂರಾ ತಿರುಗಿತು. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಈ ವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ತಲೆಮಾರು ಬಿಟ್ಟುಹೋದರೆ ಬೀಜದ ಗೋಟೂ ಸಿಗದಂತಾಗುವ ತಳಿಗಳನ್ನು ನಾವು ನೋಡಿದ್ದೇವೆ. ಇದು ಸ್ವಲ್ಪದರಲ್ಲಿ ಉಳಿಯಿತು.

ಸರ್ಕಾರಿ ಪಾಠವನ್ನು ಕಂಡರೆ ಹಳೆಯ ಸಂಪ್ರದಾಯದವರಿಗೆ ಅಷ್ಟಕ್ಕಷ್ಟೆ. ಸಾರ ಹಿಂಡಿ ಚರಟ ಕೊಟ್ಟಿದ್ದಾರೆ ಎಂಬುದು ಅವರ ದೂರು. ನನಗೆ ಆ ಮಾತಿನಲ್ಲಿ ಪೂರ್ತಿ ನಂಬಿಕೆಯಿಲ್ಲ. ಆದರೆ ಒಂದು ವಿಷಯದಲ್ಲಿ ಅವರ ಪಕ್ಷವೇ ನನ್ನದು: ಹೆಸರುಗಳು. ಸರ್ಕಾರಿ ಪುಸ್ತಕದಲ್ಲಿ ಮೂರನೆಯ ಭಂಗಿಯ ಹೆಸರು 'ಕುಕ್ಕರು ಹೆಜ್ಜೆಯಲ್ಲಿ ಅಡ್ಡ ಗುಡಿಸುವುದು'. ಅದೇ ಭಂಗಿಗೆ ಹಳಬರು ಇಟ್ಟ ಹೆಸರು 'ಕವಲುತೋಕೆ ಹಕ್ಕಿ ನೀರು ಸವರಿತು'. ಮೊದಲನೆಯದು 'ಏರೋಪ್ಲೇನ್ ಚಿಟ್ಟೆ ನೀರು ಮುಟ್ಟಿತು', ಎಂಟನೆಯದು 'ಸಂಜೆಯ ಹಕ್ಕಿ ಕಾಡಿಗೆ ಮರಳಿತು', ಹನ್ನೊಂದನೆಯದು 'ಗಾಳಿಗೆ ತಾವರೆ ಎಲೆ ಸುರುಳಿಯಾಯಿತು', ಹದಿನಾಲ್ಕನೆಯದು 'ಕಾಡುಕುದುರೆ ಹಳ್ಳ ಹಾರಿತು'. ಆ ಮಹಿಳೆ ಒಂಟಿಕಾಲಿನಲ್ಲಿ ನಿಂತರೆಂದೆನಲ್ಲ, ಅದರ ಹಳೆಯ ಹೆಸರು 'ಕುಯ್‌ಶಿಂಗ್'. ಅವನು ಪರೀಕ್ಷೆ ಬರೆಯುವ ವಿದ್ಯಾರ್ಥಿಗಳು ಪೂಜಿಸುತ್ತಿದ್ದ ನಕ್ಷತ್ರ ದೇವತೆ. ಮೂರ್ತಿಗಳಲ್ಲಿ ಅವನನ್ನು ಒಂದೇ ಕಾಲಿನ ಮೇಲೆ ನಿಲ್ಲಿಸಿರುತ್ತಾರೆ. ಕುಕ್ಕರು ಹೆಜ್ಜೆ ಎಂದರೆ ನನಗೆ ಮಂಡಿ ನೋವು ನೆನಪಾಗುತ್ತದೆ. ಹಕ್ಕಿ ನೀರು ಸವರಿತು ಎಂದರೆ ಖಡ್ಗ ಎಲ್ಲಿ ತಗ್ಗಬೇಕು, ಎಲ್ಲಿ ಏಳಬೇಕು ಎಂಬುದು ತಾನಾಗಿ ಹೊಳೆಯುತ್ತದೆ.

ಕೈಗೆ ಖಡ್ಗ, ಪಾಠ ಕಾಲಿಗೆ

ಮೊದಲ ಎರಡು ವಾರ ನನ್ನ ಕೈಗೆ ಏನನ್ನೂ ಕೊಡಲಿಲ್ಲ. ನಡೆಯುವುದನ್ನು ಕಲಿಸಿದರು. ಅರವತ್ತು ವರ್ಷ ನಡೆದವನಿಗೆ ನಡೆಯುವುದನ್ನು ಕಲಿಸುತ್ತಾರಲ್ಲ ಎಂದು ಒಳಗೊಳಗೇ ಸಿಟ್ಟು ಬರುತ್ತಿತ್ತು.

ವಿಷಯವಿಷ್ಟೆ. ನಾವು ಸಾಮಾನ್ಯವಾಗಿ ನಡೆಯುವಾಗ ಮುಂದಕ್ಕೆ ಬೀಳುತ್ತೇವೆ, ಬೀಳುವಷ್ಟರಲ್ಲಿ ಇನ್ನೊಂದು ಕಾಲು ಬಂದು ತಡೆಯುತ್ತದೆ. ಮೈಯ ಭಾರ ಮೊದಲು ಹೋಗುತ್ತದೆ, ಕಾಲು ಆಮೇಲೆ. ತಾಯ್ ಚಿಯಲ್ಲಿ ಇದು ತಿರುಗುಮುರುಗು. ಭಾರವನ್ನೆಲ್ಲ ಹಿಂದಿನ ಕಾಲಿನ ಮೇಲೆ ಇಟ್ಟುಕೊಂಡು, ಮುಂದಿನ ಕಾಲನ್ನು ಬರಿದಾಗಿ ಚಾಚಿ, ಹಿಮ್ಮಡಿಯನ್ನು ನೆಲಕ್ಕೆ ಮುಟ್ಟಿಸಬೇಕು. ನೆಲ ಸರಿಯಾಗಿಲ್ಲವೆಂದರೆ ಆ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವಂತಿರಬೇಕು. ಸರಿಯಾಗಿದೆ ಎಂದಾದ ಮೇಲೆ ಪಾದ ಊರಿ, ಗಡಿಗೆಯಿಂದ ಗಡಿಗೆಗೆ ಎಣ್ಣೆ ಬಗ್ಗಿಸಿದ ಹಾಗೆ ಭಾರವನ್ನು ಮೆಲ್ಲಗೆ ಅದಕ್ಕೆ ದಾಟಿಸಬೇಕು. ಭಾರವಿಲ್ಲದ ಕಾಲಿಗೆ 'ಖಾಲಿ', ಭಾರವಿದ್ದುದಕ್ಕೆ 'ತುಂಬಿದ' ಎಂದು ಹೆಸರು. ಮುಂದಿನ ಮಂಡಿ ಬಗ್ಗಿಸಿ ಹಿಂದಿನ ಕಾಲು ಚಾಚಿದ್ದು ಬಿಲ್ಲು ಹೆಜ್ಜೆ. ಹಿಂದಿನ ಕಾಲಿನ ಮೇಲೆ ಕುಳಿತು ಮುಂದಿನದನ್ನು ಸುಮ್ಮನೆ ತಾಗಿಸಿದ್ದು ಖಾಲಿ ಹೆಜ್ಜೆ. 32 ಭಂಗಿಗಳಲ್ಲಿ ಬಹುಪಾಲು ಇವೆರಡರ ಮೇಲೆಯೇ ನಿಂತಿವೆ.

ಒಂದು ದಿನ ಖಾಲಿ ಹೆಜ್ಜೆ ಅಭ್ಯಾಸ ಮಾಡುತ್ತಿದ್ದಾಗ ಫಕ್ಕನೆ ನಮ್ಮ ಸಂಕ ಕಣ್ಣೆದುರು ಬಂತು. ಅಲ್ಲಿ ನಾನು ಮಾಡಿದ ತಪ್ಪು ಇದೇ. ಪಾಚಿಯ ಮೇಲೆ ಕಾಲಿಡುವ ಮೊದಲೇ ಮೈಯ ಭಾರವನ್ನು ಮುಂದಕ್ಕೆ ಕಳಿಸಿದ್ದೆ. ಕಾಲು ನಂಬಲಿಲ್ಲ, ಭಾರ ಹಿಂದೆ ಬರಲಿಲ್ಲ, ನಡುವೆ ಸಿಕ್ಕಿಕೊಂಡೆ. ಹರೆಯದಲ್ಲಿ ಈ ತಪ್ಪನ್ನು ದಿನಕ್ಕೆ ನೂರು ಸಲ ಮಾಡುತ್ತಿದ್ದಿರಬೇಕು. ಆಗ ಮೈ ತಾನೇ ತಿದ್ದಿಕೊಳ್ಳುತ್ತಿತ್ತು.

ಮೂರನೆಯ ವಾರ ಖಡ್ಗ ಬಂತು. ಅದರ ಅಳತೆಗೆ ಒಂದು ಸುಲಭ ಲೆಕ್ಕವಿದೆ. ಎಡಗೈಯನ್ನು ಇಳಿಬಿಟ್ಟು, ಖಡ್ಗವನ್ನು ಮೊಳಕೈಯ ಹಿಂಬದಿಗೆ ತಾಗುವಂತೆ ತುದಿ ಮೇಲಾಗಿ ಹಿಡಿದರೆ ತುದಿ ಕಿವಿಯ ಮಟ್ಟಕ್ಕೆ ಬರಬೇಕು. ಚೀನಾದ ಸ್ಪರ್ಧೆಗಳಲ್ಲಿ ಗಂಡಸರ ಖಡ್ಗ 600 ಗ್ರಾಮಿಗಿಂತ, ಹೆಂಗಸರದ್ದು 500 ಗ್ರಾಮಿಗಿಂತ ಹಗುರವಾಗಿರಬಾರದು. ನಾವು ದಿನವಿಡೀ ಬೀಸುವ ಮಚ್ಚುಗತ್ತಿಯ ಮುಂದೆ ಇದೇನೂ ಭಾರವಲ್ಲ. ಅಲಗನ್ನು ಮೂರು ಪಾಲು ಮಾಡಿ ನೋಡುವುದು ರೂಢಿ. ಹಿಡಿಯ ಹತ್ತಿರದ ಪಾಲು ದಪ್ಪ, ಎದುರಿನ ಏಟನ್ನು ತಡೆಯಲು. ತುದಿಯ ಪಾಲು ತೆಳು, ಕೊಯ್ಯಲು ಮತ್ತು ಚುಚ್ಚಲು. ಎಡಗೈ ಸುಮ್ಮನಿರುವುದಿಲ್ಲ. ತೋರುಬೆರಳು ನಡುಬೆರಳುಗಳನ್ನು ಚಾಚಿ, ಉಳಿದೆರಡನ್ನು ಹೆಬ್ಬೆರಳಿನಿಂದ ಅದುಮಿ ಹಿಡಿಯಬೇಕು. ಇದಕ್ಕೆ ಖಡ್ಗಬೆರಳು ಎಂದು ಹೆಸರು. ತಕ್ಕಡಿಯ ಇನ್ನೊಂದು ತಟ್ಟೆಯಂತೆ ಅದು ಸದಾ ಖಡ್ಗಕ್ಕೆ ಸಮತೂಕವಾಗಿ ಚಲಿಸುತ್ತದೆ. ಒಂಟಿಕಾಲಿನ ಭಂಗಿಗಳಲ್ಲಿ ಅದರ ಬೆಲೆ ತಿಳಿಯುತ್ತದೆ.

ಮೊದಲ ಕ್ರಿಯೆ ತುದಿ ತಾಗಿಸುವುದು. ಮಣಿಕಟ್ಟನ್ನು ಮೇಲಕ್ಕೆತ್ತಿದರೆ ಖಡ್ಗದ ಮೂಗು ತಾನಾಗಿ ಕೆಳಗೆ ಕುಟುಕಬೇಕು. ನಾನು ಕಾಫಿಗಿಡದ ಚಿಗುರು ಸವರುವವನಂತೆ ಮುಷ್ಟಿ ಬಿಗಿದು ಭುಜದಿಂದ ಬೀಸಿದೆ. ಗುರುಗಳು ನಕ್ಕು ನನ್ನ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದರು. ಆ ಹಿಡಿತ ಹೇಗೆಂದರೆ, ಟೋಪಿ ಹಂತದ ಕಾಫಿ ಸಸಿಯನ್ನು ಪಾತಿಯಿಂದ ಕಿತ್ತು ಚೀಲಕ್ಕೆ ನೆಡುವಾಗ ಹಿಡಿಯುತ್ತೇವಲ್ಲ, ಹಾಗೆ. ಜಾರಲೂಬಾರದು, ಕಾಂಡ ಜಜ್ಜಲೂಬಾರದು.

ಉಳಿದ ಕ್ರಿಯೆಗಳನ್ನೆಲ್ಲ ಇಲ್ಲಿ ವಿವರಿಸುವುದು ಸಾಧ್ಯವಿಲ್ಲ. ಚುಚ್ಚುವುದು, ಸೀಳುವುದು, ಕೆಳಗಿನಿಂದ ಮೇಲಕ್ಕೆ ಸುತ್ತಿ ಕೊಯ್ಯುವುದು, ಎದುರಾಳಿಯ ಅಲಗನ್ನು ತಡೆದು ಪಕ್ಕಕ್ಕೆ ಎಳೆದುಕೊಂಡು ಹೋಗುವುದು ಹೀಗೆ ಹತ್ತು ಹದಿನೈದಿವೆ. ಹೇಳಲೇಬೇಕಾದ ಸಂಗತಿ ಬೇರೆ. ಮೂರು ತಿಂಗಳಲ್ಲಿ ಗುರುಗಳು ನನ್ನ ಖಡ್ಗವನ್ನು ತಿದ್ದಿದ್ದು ಬಹಳ ಕಡಿಮೆ. ಖಡ್ಗದ ತುದಿ ವಾರೆಯಾದಾಗಲೆಲ್ಲ ಅವರು ಬಂದು ಬೆರಳಿನಿಂದ ನನ್ನ ಸೊಂಟವನ್ನು ತಟ್ಟುತ್ತಿದ್ದರು, ಇಲ್ಲವೆ ತಮ್ಮ ಪಾದದಿಂದ ನನ್ನ ಹಿಮ್ಮಡಿಯನ್ನು ಒತ್ತುತ್ತಿದ್ದರು. ಅಲ್ಲಿ ಸರಿಯಾದರೆ ತುದಿ ಸರಿಯಾಗುತ್ತಿತ್ತು. ಅಡಿಕೆ ಕೊಯ್ಯುವ ದೋಟಿ ಹಿಡಿದವರಿಗೆ ಇದು ಬೇಗ ಅರ್ಥವಾದೀತು. ಅರವತ್ತು ಅಡಿಯ ಕಾರ್ಬನ್ ದೋಟಿಯ ಬುಡದಲ್ಲಿ ಕೈ ಒಂದಂಗುಲ ಅಲುಗಿದರೆ ಮೇಲಿನ ಕುಡುಗೋಲು ಬೇರೆ ಗೊನೆಗೇ ಹೋಗುತ್ತದೆ. ತೋಳಿನಿಂದ ದೋಟಿ ಆಡಿಸುವವನು ಅರ್ಧ ಗಂಟೆಯಲ್ಲಿ ಸುಸ್ತು, ಕಾಲು ಬದಲಿಸಿ ಮೈಯಿಂದ ಆಡಿಸುವವನು ಸಂಜೆಯವರೆಗೆ ಕೊಯ್ಯುತ್ತಾನೆ. ಖಡ್ಗ ಚಿಕ್ಕ ದೋಟಿ. ಬರಿಗೈಯಲ್ಲಿ ಮಾಡುವಾಗ ಮುಚ್ಚಿಹೋಗುವ ಸೊಂಟದ ತಪ್ಪು, ಪಾದದ ತಪ್ಪು, ಅದರ ತುದಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ಪಾದ ಊರುವುದೂ ತುದಿ ಗುರಿ ಮುಟ್ಟುವುದೂ ಒಂದೇ ಕ್ಷಣಕ್ಕೆ ಆಗಬೇಕೆಂಬ ನಿಯಮವಿದೆ. ನನ್ನದು ಇವತ್ತಿಗೂ ಹತ್ತರಲ್ಲಿ ನಾಲ್ಕು ಸಲ ತಪ್ಪುತ್ತದೆ.

ನಾನೇ ತಂದುಕೊಂಡ ಮಂಡಿ ನೋವು

ಊರಿಗೆ ಮರಳುವ ಹೊತ್ತಿಗೆ ಎರಡು ಭಾಗ, ಅಂದರೆ 16 ಭಂಗಿ ಕಲಿತಿದ್ದೆ. ಉಳಿದುದನ್ನು ಮೊಬೈಲಿನಲ್ಲಿ ಚಿತ್ರ ನೋಡಿ ಕಲಿಯುವ ಧೈರ್ಯ ಮಾಡಿದೆ. ಚಿತ್ರದ ಹುಡುಗ ಸ್ಪರ್ಧೆಗೆ ಹೋಗುವವನಿರಬೇಕು. ಮೂರನೆಯ ಭಂಗಿಯಲ್ಲಿ ನೆಲಕ್ಕೆ ಅಂಟಿಕೊಳ್ಳುವಂತೆ ಕುಕ್ಕರಿಸುತ್ತಿದ್ದ. ನಾನೂ ಹಾಗೆಯೇ ಕುಕ್ಕರಿಸಿದೆ. ಅಷ್ಟು ಸಾಲದೆಂದು ಭಾರವೆಲ್ಲ ಮೇಲಿರುವಾಗಲೇ ಆ ಕಾಲಿನ ಪಾದವನ್ನು ತಿರುವಿದೆ. ಮಂಡಿಯೊಳಗೆ ಹಸಿ ಕಡ್ಡಿ ಮುರಿದ ಹಾಗಾಯಿತು. ಊತ ಇಳಿಯಲು ಆರು ವಾರ ಬೇಕಾಯಿತು, ಕಾಫಿ ಕೊಯ್ಲನ್ನು ಜಗುಲಿಯಲ್ಲಿ ಕುಳಿತು ನೋಡಿದೆ. ಸಂಕ ದಾಟಲೆಂದು ಹೊರಟವನು ಮೆಟ್ಟಿಲೂ ಇಳಿಯದಂತಾದೆ ಎಂದು ಮನೆಯಲ್ಲಿ ಹೇಳಿಸಿಕೊಂಡದ್ದು ಬೇರೆ.

ಆದ್ದರಿಂದ ಕಲಿಯಲು ಮನಸ್ಸುಳ್ಳವರಿಗೆ ಎರಡು ಮಾತು. ಮಂಡಿ ಯಾವಾಗಲೂ ಅದೇ ಕಾಲಿನ ಬೆರಳುಗಳ ದಿಕ್ಕಿಗೇ ಬಗ್ಗಬೇಕು, ಒಳಕ್ಕೆ ಕುಸಿಯಬಾರದು, ಬೆರಳ ತುದಿಯನ್ನು ಮೀರಿ ಮುಂದೆ ಹೋಗಬಾರದು. ಪಾದ ತಿರುಗಿಸಬೇಕಾದಾಗ ಮೊದಲು ಭಾರವನ್ನು ಇನ್ನೊಂದು ಕಾಲಿಗೆ ದಾಟಿಸಿ, ಪಾದವನ್ನು ಖಾಲಿ ಮಾಡಿಕೊಂಡು ತಿರುಗಿಸಬೇಕು. ಕುಕ್ಕರು ಭಂಗಿಯಲ್ಲಿ ಅರ್ಧ ಕುಳಿತರೂ ಪಾಠಕ್ಕೆ ಕುಂದಿಲ್ಲ. ಕಾಡುಕುದುರೆ ಹಳ್ಳ ಹಾರುವಲ್ಲಿ ವಯಸ್ಸಾದವರು ಹಾರದೆ ಸುಮ್ಮನೆ ಹೆಜ್ಜೆಯಿಟ್ಟರೆ ಸಾಕು. ಹಳೆಯ ಮಂಡಿ ನೋವು, ತಲೆಸುತ್ತು, ರಕ್ತದೊತ್ತಡ ಇದ್ದವರು ವೈದ್ಯರನ್ನು ಕೇಳಿಯೇ ತೊಡಗಬೇಕು.

ಇದರಿಂದ ನಿಜವಾಗಿ ಪ್ರಯೋಜನವಿದೆಯೇ, ಇಲ್ಲ ಬರಿಯ ಹುರುಪೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 2018ರಲ್ಲಿ ಅಮೆರಿಕದ ಆರಿಗಾನ್ ರಾಜ್ಯದ ಸಂಶೋಧಕರು 70 ದಾಟಿದ, ಬೀಳುವ ಭಯವಿದ್ದ 670 ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ವಾರಕ್ಕೆ ಎರಡು ಸಲ, ಒಂದೊಂದು ಗಂಟೆಯಂತೆ 24 ವಾರ ತಾಯ್ ಚಿ ಮಾಡಿದವರಲ್ಲಿ, ಬರಿ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ಬೀಳುವ ಪ್ರಮಾಣ ಶೇಕಡಾ 58ರಷ್ಟು ಕಡಿಮೆಯಿತ್ತು. 2016ರಲ್ಲಿ ಬಾಸ್ಟನ್ನಿನ ವೈದ್ಯರು ಮಂಡಿ ಸವೆದ 204 ಮಂದಿಯನ್ನು ನೋಡಿ, ಫಿಜಿಯೋಥೆರಪಿಯಷ್ಟೇ ಗುಣ ಇದರಿಂದಲೂ ಸಿಗುತ್ತದೆಂದರು. ಪಾರ್ಕಿನ್ಸನ್ ಕಾಯಿಲೆಯವರ ಸಮತೋಲನ ಸುಧಾರಿಸಿತೆಂದು 2012ರ ಇನ್ನೊಂದು ಅಧ್ಯಯನ ಹೇಳಿದೆ. ಆದರೆ ಇವೆಲ್ಲವೂ ಬರಿಗೈಯ ಪಾಠದ ಮೇಲೆ ನಡೆದವು, ಅದೂ ಸರಿಯಾದ ಶಿಕ್ಷಕರ ಎದುರು. ಖಡ್ಗ ಹಿಡಿದರೆ ಇಷ್ಟೇ ಪ್ರಮಾಣದ ಗುಣವೆಂದು ನಾನು ಹೇಳಲಾರೆ. ಆದುದರಿಂದ ಹೊಸಬರು ಮೊದಲು ಬರಿಗೈಯ 24 ಭಂಗಿಗಳನ್ನು ಕಲಿತು ಆಮೇಲೆ ಖಡ್ಗಕ್ಕೆ ಬರುವುದು ಲೇಸು. ನಾನು ನೇರವಾಗಿ ಖಡ್ಗಕ್ಕೆ ಹೋದದ್ದು ಕುಚ್ಚಿನ ಆಸೆಗೆ.

ಬೈನೆಯ ಖಡ್ಗ

ಖಡ್ಗವನ್ನು ವಿಮಾನದಲ್ಲಿ ತರುವ ತಾಪತ್ರಯ ಬೇಡವೆಂದು ಊರಿನಲ್ಲೇ ಮರದಲ್ಲಿ ಮಾಡಿಸಿದೆ. ಮೊದಲು ಮಾಡಿದ್ದು ಅಡಿಕೆ ದಬ್ಬೆಯಲ್ಲಿ. ಪುಕ್ಕಟೆ ಸಿಗುತ್ತದೆಂಬ ಲೋಭ. ಎಷ್ಟು ಉಜ್ಜಿದರೂ ಸಿಬಿರು ನಿಲ್ಲದೆ ಅಂಗೈಗೆ ನಾಟಿತು, ಬಿಸಿಲಿಗೆ ಬಾಗಿತು. ಎರಡನೆಯದನ್ನು ಸಾಗುವಾನಿಯಲ್ಲಿ ಮಾಡಿಸಿದೆ. ನೋಟಕ್ಕೆ ಚೆಂದ, ಆದರೆ ಬಹಳ ಹಗುರ. ತುದಿ ಎಲ್ಲಿದೆಯೆಂಬುದು ಕೈಗೆ ತಿಳಿಯುವುದೇ ಇಲ್ಲ. ಮೂರನೆಯದು ಒನಕೆಗೆಂದು ತೆಗೆದಿಟ್ಟಿದ್ದ ಬೈನೆಯ ಚೆಕ್ಕೆಯದು. ಚೆನ್ನಾಗಿ ಒಣಗಿದ್ದರಿಂದ ಬಾಗಲಿಲ್ಲ. ಅಕ್ಕಸಾಲಿಗನ ತಕ್ಕಡಿ ಬೇಕಿಲ್ಲ, ಸೊಸೈಟಿಯ ತಕ್ಕಡಿಯಲ್ಲಿ ತೂಗಿದಾಗ 650 ಗ್ರಾಮಿನಷ್ಟಿತ್ತು. ಅಡ್ಡಪಟ್ಟಿಯಿಂದ ನಾಲ್ಕೈದು ಬೆರಳು ಮುಂದೆ, ತೋರುಬೆರಳ ಮೇಲೆ ಇಟ್ಟರೆ ಸಮವಾಗಿ ನಿಲ್ಲುವಂತೆ ಆಚಾರಿಯಿಂದ ಅಲಗನ್ನು ಕೆತ್ತಿಸಿದೆ. ಇದಕ್ಕಿಂತ ಮುಂದೆ ತೂಕ ಹೋದರೆ ಮಣಿಕಟ್ಟು ನೋಯುತ್ತದೆ. ಕುಚ್ಚನ್ನು ಮನೆಯವಳು ಹಳೆಯ ಸೀರೆಯ ಸೆರಗಿನಿಂದ ಕಟ್ಟಿಕೊಟ್ಟಳು.

ಅಭ್ಯಾಸಕ್ಕೆ ಕಣದಂಥ ಜಾಗ ಇನ್ನೊಂದಿಲ್ಲ. ಸಮತಟ್ಟು, ಎತ್ತರಕ್ಕೆ ಏನೂ ತಾಗುವುದಿಲ್ಲ, ಹೋಗಿ ಬರುವ ಅಂಗಳದ ಉದ್ದ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಪಾಚಿ ಹಿಡಿದ ಸಿಮೆಂಟಿನ ಮೇಲೆ ಮಾತ್ರ ಬೇಡ. ಮೊದಮೊದಲು ಆಳುಗಳು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಯಜಮಾನರಿಗೆ ಯಕ್ಷಗಾನದ ಹುಚ್ಚು ಹಿಡಿದಿದೆ ಎಂದು ಒಬ್ಬ ಹೇಳಿದನಂತೆ, ಇಷ್ಟು ನಿಧಾನದ ಯಕ್ಷಗಾನ ಯಾವ ತಿಟ್ಟಿನದು ಎಂದು ಇನ್ನೊಬ್ಬ ಕೇಳಿದನಂತೆ. ಈಗ ಯಾರೂ ನೋಡುವುದಿಲ್ಲ. ನಾಯಿಯೊಂದು ಮಾತ್ರ ಹದಿನಾಲ್ಕನೆಯ ಭಂಗಿಗೆ ಇವತ್ತಿಗೂ ಬೊಗಳುತ್ತದೆ.

ಬಾಗುಗತ್ತಿಗೆ ನೂರು ದಿನ, ಈಟಿಗೆ ಸಾವಿರ ದಿನ, ಖಡ್ಗಕ್ಕೆ ಹತ್ತು ಸಾವಿರ ದಿನ ಎಂಬರ್ಥದ ಒಂದು ಗಾದೆ ಚೀನಾದಲ್ಲಿದೆ. ಹತ್ತು ಸಾವಿರ ದಿನವೆಂದರೆ ಇಪ್ಪತ್ತೇಳು ವರ್ಷಕ್ಕೂ ಮೇಲಾಯಿತು. ನನ್ನ ವಯಸ್ಸಿಗೆ ಆ ಲೆಕ್ಕ ಹಾಕಿ ಫಲವಿಲ್ಲ. ಅಡಿಕೆ ಸಸಿ ನೆಡುವಾಗಲೂ ನಾವು ಅಂಥ ಲೆಕ್ಕ ಹಾಕಿದವರಲ್ಲ. ನಾಲ್ಕು ವರ್ಷದಲ್ಲಿ 32 ಭಂಗಿಗಳ ವರಸೆ ತಪ್ಪದೆ ಬರುತ್ತದೆ. ಒಂಟಿಕಾಲಿನ ಕುಯ್‌ಶಿಂಗ್ ಭಂಗಿಯಲ್ಲಿ ಮೊದಲು ಎರಡೆಣಿಸುವಷ್ಟರಲ್ಲಿ ಕಾಲು ಊರುತ್ತಿದ್ದೆ, ಈಗ ಹದಿನೈದರವರೆಗೆ ನಿಲ್ಲುತ್ತೇನೆ. ಎಡಗಾಲಿನ ಮೇಲಾದರೆ ಎಂಟೇ.

ಕಳೆದ ಎರಡು ಮಳೆಗಾಲ ಸಂಕವನ್ನು ನಾನೇ ದಾಟಿ ಆಚೆಯ ತೋಟ ನೋಡಿದ್ದೇನೆ. ಹಿಮ್ಮಡಿ ಮುಟ್ಟಿಸಿ, ಪರೀಕ್ಷಿಸಿ, ಆಮೇಲೆ ಭಾರ ಕೊಡುತ್ತ ಹೋದರೆ ಮೂರು ಮಾರು ದೂರಕ್ಕೆ ಹಿಂದೆ ಹಿಡಿಯುತ್ತಿದ್ದುದರ ನಾಲ್ಕು ಪಟ್ಟು ಹೊತ್ತು ಹಿಡಿಯುತ್ತದೆ. ಹಿಂದೆ ಬರುವವರು ಕಾಯುತ್ತಾರೆ. ಖಡ್ಗವನ್ನು ನಂಬಿ ಸುಮ್ಮನೆ ಕೂರಲೂ ಇಲ್ಲ. ಹೋದ ವೈಶಾಖದಲ್ಲಿ ಹಳೆಯ ಮರ ತೆಗೆದು ಹೊಸದು ಹಾಕಿಸಿ, ಒಂದು ಬದಿಗೆ ಬಿದಿರಿನ ಕೈಹಿಡಿ ಕಟ್ಟಿಸಿದ್ದೇನೆ. ಇದನ್ನು ಇಪ್ಪತ್ತು ವರ್ಷ ಮೊದಲೇ ಕಟ್ಟಿಸಬಹುದಿತ್ತು. ಆಗ ತೋಚಲಿಲ್ಲ.

ಕೊಯ್ಲು ಶುರುವಾದ ಮೇಲೆ ಕಣ ನನ್ನದಲ್ಲ, ಕಾಫಿಯದು. ಆ ಎರಡು ಮೂರು ತಿಂಗಳು ಜಗುಲಿಯ ಮೇಲೆ ಮೊದಲ ಎಂಟು ಭಂಗಿ ಮಾತ್ರ ಮಾಡುತ್ತೇನೆ. ಆರನೆಯದಕ್ಕೆ ಖಡ್ಗ ತೊಲೆಗೆ ತಾಗುತ್ತದಾದ್ದರಿಂದ ಅಲ್ಲಿ ಸ್ವಲ್ಪ ತಗ್ಗಿಸಿಕೊಳ್ಳಬೇಕು.